ಕೆಂಪು ಬಾಣದ ಅತ್ತಿಗೆ ಮತ್ತು ಗಡಿಬಿಡಿ

ನಮ್ಮ ಅತ್ತಿಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಚೆಕ್ಕಿಂಗ್ ಟೇಬಲ್ ಮುಂದೆ ನಿಂತವರು. ಹೊಲಿದು ಬಂದ ಶರಟನ್ನು ಟ್ಯೂಬ್‌ಲೈಟಿನ ಕೆಳಗೆ ಹರವಿ, ಕಾಲರು, ತೋಳು, ಗುಂಡಿ, ಅಂಚು ನೋಡುತ್ತಾ ಹೋಗುವುದು; ಹೊಲಿಗೆ ಬಿಟ್ಟಲ್ಲಿ, ನೂಲು ಇಣುಕಿದಲ್ಲಿ ಪುಟ್ಟ ಕೆಂಪು ಬಾಣದ ಸ್ಟಿಕರ್ ಅಂಟಿಸುವುದು. ಚೆನ್ನಾಗಿರುವ ಶರಟಿಗೆ ಏನೂ ಅಂಟಿಸುವುದಿಲ್ಲ. ಅದು ತಾನಾಗಿ ಮುಂದಿನ ಟೇಬಲಿಗೆ ಹೋಗುತ್ತದೆ.

ಮನೆಗೆ ಬಂದರೂ ಆ ಕಣ್ಣಿಗೆ ರಜೆ ಇಲ್ಲ. ನಾನು ಮೊದಲ ಸಲ ಕೆಲಸದ ಸಂದರ್ಶನಕ್ಕೆ ಹೊರಟು ನಿಂತಾಗ, ಒಳ್ಳೆಯದಾಗಲಿ ಎನ್ನುವ ಬದಲು ಬಗ್ಗಿ ನನ್ನ ತೋಳಿನಿಂದ ಒಂದು ನೂಲು ಕಿತ್ತರು. ಅವರು ತುಟಿ ಪಿಟಕ್ಕೆನ್ನದಿದ್ದರೆ ನಾವು ಪಾಸು. ಅವರ ಗಂಡ, ಅಂದರೆ ಲಿಫ್ಟ್ ರಿಪೇರಿ ಮಾಡುವ ನನ್ನ ಅಣ್ಣ, ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾದರೂ ಅವರ ಬಾಯಿಂದ ಒಂದು ಶಭಾಷ್ ಕೇಳಿದವನಲ್ಲ. "ನಿನ್ನ ಅತ್ತಿಗೆ ಏನೂ ಅನ್ಲಿಲ್ಲ ಅಂದ್ರೆ ನಂಗೆ ಬೋನಸ್ ಬಂದ ಹಾಗೆ" ಎಂದು ನಗುತ್ತಿದ್ದ. ನಗು ಪೂರ್ತಿ ನಗುವಾಗಿರಲಿಲ್ಲ ಎಂದು ಆಗ ನನಗೆ ಹೊಳೆದಿರಲಿಲ್ಲ.

ಇಂಥ ಮನೆಗೆ ಬಂತು ಗಡಿಬಿಡಿ. ಕಪ್ಪು ಬಿಳುಪಿನ, ಎರಡು ವರ್ಷದ ಬಾರ್ಡರ್ ಕಾಲಿ ನಾಯಿ. ಊರು ಬಿಟ್ಟು ಹೊರಟ ಗಿರಾಕಿಯೊಬ್ಬರು ಅಣ್ಣನ ಕೈಗೆ ಬೆಲ್ಟು ಕೊಟ್ಟು ಹೋಗಿದ್ದರು. ಕುರಿ ಕಾಯುವ ಜಾತಿ ಅದು, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದು. ಎರಡನೇ ಮಹಡಿಯ ಮನೆಯಲ್ಲಿ ಕುರಿ ಎಲ್ಲಿಂದ ತರುವುದು? ಅಣ್ಣನನ್ನು ಅಡುಗೆಮನೆಯಿಂದ ಹಾಲಿಗೆ, ಕೆಳಗಿನ ಮನೆಯಿಂದ ಸಕ್ಕರೆ ಕೇಳಲು ಬಂದ ನನ್ನನ್ನು ಹಾಲಿನಿಂದ ಅಡುಗೆಮನೆಗೆ ಅಟ್ಟುತ್ತಿತ್ತು. ಬಾಗಿಲು ತೆಗೆದರೆ ಸಾಕು, ಬಂದವರ ಎದೆಯ ಮೇಲೆ ಎರಡು ಕಾಲು.

ಒಂದು ದಿನ ಆ ಕಾಲುಗಳು ಮನೆ ಮಾಲೀಕರ ಬಿಳಿ ಶರಟಿನ ಮೇಲೆ ಅಚ್ಚೊತ್ತಿದವು. ಕ್ಷಮೆ ಕೇಳಲು ಬಾಯಿ ತೆರೆದ ಅತ್ತಿಗೆ, "ನಿಮ್ಮ ಮೂರನೇ ಗುಂಡಿ ಸಡಿಲ ಆಗಿದೆ" ಎಂದುಬಿಟ್ಟರು.

ಮಾಲೀಕರ ಮುಖ ಕೆಂಪೇರಿತು. "ಒಂದನೇ ತಾರೀಕು ಮತ್ತೆ ಬರ್ತೀನಿ. ಆವತ್ತೂ ಹೀಗೇ ಮೈಮೇಲೆ ಹಾರಿದ್ರೆ ಈ ನಾಯಿ ಇಲ್ಲಿ ಇರೋ ಹಾಗಿಲ್ಲ."

"ಹೋದ್ರೆ ಹೋಗ್ಲಿ, ಮನೆ ತುಂಬ ಕೂದಲು" ಎಂದರು ಅತ್ತಿಗೆ. ಹಾಗೆಂದವರು ಮರುದಿನವೇ ಅರ್ಧ ದಿನ ರಜೆ ಹಾಕಿ ನಾಯಿ ಡಾಕ್ಟರ ಕ್ಲಿನಿಕ್ಕಿಗೆ ಓಡಿದರು. ಜ್ವರ ಬಂದರೂ ರಜೆ ಹಾಕದ ಹೆಂಗಸು.

ಅಲ್ಲಿ ನಾಯಿಗಳಿಗೆ ತರಬೇತಿ ಕೊಡುವ ಹುಡುಗಿ ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟಳು. ಕ್ಲಿಕ್ಕರ್ ಅಂತೆ. ಒತ್ತಿದರೆ 'ಟಿಕ್' ಎನ್ನುತ್ತದೆ. "ಆ ಕ್ಷಣಕ್ಕೇ ಒತ್ತಿ, ತಡ ಮಾಡ್ಬೇಡಿ. ಒಂದ್ಸಲ ಒತ್ತಿದ ಮೇಲೆ ತಿನ್ನೋಕೆ ಕೊಡ್ಲೇಬೇಕು, ಕೈತಪ್ಪಿ ಒತ್ತಿದ್ರೂ ಅಷ್ಟೇ." ಯಾವುದಕ್ಕೆ ಒತ್ತಬೇಕು ಎಂದೂ ಅವಳು ಹೇಳಿದ್ದಳಂತೆ. ಅಷ್ಟರಲ್ಲಿ ಅತ್ತಿಗೆಯ ಕಣ್ಣು ಅವಳ ಕೋಟಿನ ಜೇಬು ಕಿತ್ತುಬಂದಿದ್ದರ ಮೇಲೆ ಬಿದ್ದಿತ್ತು. ಯಾವಾಗ ಗುರುತು ಹಾಕಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲವಲ್ಲ!

ಅಂದಿನಿಂದ ಗಡಿಬಿಡಿ ಹಾರಿದಾಗಲೆಲ್ಲ ಟಿಕ್. ಚಪ್ಪಲಿ ಕಚ್ಚಿದರೆ ಟಿಕ್. ಸೋಫಾ ಹತ್ತಿದರೆ ಟಿಕ್. ಪ್ರತಿ ಟಿಕ್‌ಗೂ ಚಾಚೂ ತಪ್ಪದೆ ಬೇಯಿಸಿದ ಕೋಳಿಯ ಒಂದು ತುಣುಕು. ಹತ್ತು ದಿನದಲ್ಲಿ ಆ ನಾಯಿ ಹಾರುವುದರಲ್ಲಿ ಪಳಗಿಬಿಟ್ಟಿತು. ಅಣ್ಣನ ಎದೆಗೆ ಹಾರುವುದು, ತಿರುಗಿ ಅತ್ತಿಗೆಯ ಮುಖ ನೋಡುವುದು.

"ತಪ್ಪು ಮಾಡಿದ ತಕ್ಷಣ ಒತ್ತುತಾ ಇದೀನಿ. ಇಷ್ಟೊತ್ತಿಗೆ ನಾಚಿಕೆ ಆಗ್ಬೇಕಿತ್ತು ಇದಕ್ಕೆ."

"ಮತ್ತೆ ಕೋಳಿ ಯಾಕೆ ಕೊಡ್ತೀರಿ ಅತ್ತಿಗೆ?"

"ಕೊಡ್ಲೇಬೇಕು ಅಂತ ಹೇಳಿದಾಳೆ. ನಿಯಮ ಅಂದ್ರೆ ನಿಯಮ."

ನಾನೇ ಅವರನ್ನು ಮತ್ತೆ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಆ ಹುಡುಗಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. "ಟಿಕ್ ಅಂದ್ರೆ ಸರಿ ಅಂತ ಮೇಡಂ! ತಪ್ಪು ಮಾಡಿದ್ರೆ ಸುಮ್ನಿರಿ. ಸರಿ ಮಾಡಿದ್ರೆ ಒತ್ತಿ. ಹತ್ತು ದಿನದಿಂದ ನೀವು ಅದಕ್ಕೆ ಇನ್ನೂ ಹಾರು, ಇನ್ನೂ ಹಾರು ಅಂತಿದೀರಿ."

ದಾರಿಯುದ್ದಕ್ಕೂ ಅತ್ತಿಗೆ ಆ ಕ್ಲಿಕ್ಕರನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಮೆಟ್ಟಿಲ ಬಳಿ ನಿಂತು ಕೇಳಿದರು: "ಸರಿ ಇರೋದಕ್ಕೆ ಗುರುತು ಯಾಕೆ ಹಾಕ್ಬೇಕು? ಅದು ತಾನಾಗೇ ಮುಂದಕ್ಕೆ ಹೋಗುತ್ತಲ್ಲ?"

ಒಂದನೇ ತಾರೀಕಿಗೆ ಉಳಿದದ್ದು ಇಪ್ಪತ್ತು ದಿನ. ಸಂಜೆ ನಾನು ಹೊರಗಿನಿಂದ ಬೆಲ್ ಒತ್ತುವುದು, ಅತ್ತಿಗೆ ಮೋಟು ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ಕಣ್ಣಿಟ್ಟು ನಾಯಿಯ ನಾಲ್ಕು ಕಾಲು ಕಾಯುವುದು. ನಾಲ್ಕೂ ನೆಲದ ಮೇಲಿದ್ದಾಗ ಒತ್ತಬೇಕು. ಅದು ಅವರಿಗೆ ಕಾಣುತ್ತಲೇ ಇರಲಿಲ್ಲ! ಗಡಿಬಿಡಿ ಅರೆಗಳಿಗೆ ತೆಪ್ಪಗೆ ನಿಂತಿರುತ್ತಿತ್ತು, ಅತ್ತಿಗೆಯ ಕಣ್ಣು ಚೆನ್ನಾಗಿರುವ ಶರಟನ್ನು ದಾಟಿದಂತೆ ಅದನ್ನು ದಾಟಿ ಹೋಗುತ್ತಿತ್ತು. "ಅತ್ತಿಗೆ, ನಿಂತಿತ್ತು!" ಎಂದರೆ, "ಯಾವಾಗ?" ಎನ್ನುತ್ತಿದ್ದರು ಪಾಪ. ನಾನು ನಕ್ಕರೆ ಸಿಟ್ಟು ಬೇರೆ.

ಒಂದು ಭಾನುವಾರ ಮಧ್ಯಾಹ್ನ ಹೋದಾಗ ಅವರು ಹಳೆಯ ಬೆಡ್‌ಶೀಟು ಮಡಿಸಿ ನಾಯಿಗೆ ಹಾಸಿಗೆ ಹೊಲಿಯುತ್ತಿದ್ದರು. ಅಂಚಿಗೆ ಎರಡೆರಡು ಹೊಲಿಗೆ, ಹುಡುಕಿದರೂ ಒಂದು ನೂಲು ಆಚೆ ಇಲ್ಲ.

"ಹೋಗ್ಲಿ ಅಂದ್ರಲ್ಲ?"

"ಹೋಗೋ ಮನೆಯಲ್ಲಿ ಮಲಗೋಕೆ ಏನು ಕೊಡ್ತಾರೋ ಏನೋ" ಎಂದರು. ಸೂಜಿಗೆ ನೂಲು ಪೋಣಿಸಲು ಹೋಗಿ ಮೂರು ಸಲ ತಪ್ಪಿದರು. ನನಗೂ ಸಂಕಟವಾಯಿತು. ಆ ನಾಯಿ ಹೊರಟರೆ ಅಣ್ಣನಿಗಿಂತ ಹೆಚ್ಚು ಕುಗ್ಗುವವರು ಇವರೇ ಎಂದು ಅಂದು ತಿಳಿಯಿತು.

ಮುಂದಿನ ವಾರ ಗಡಿಬಿಡಿ ಹಾರಲೆಂದು ಎದ್ದು, ಏನೋ ನೆನಪಾದಂತೆ ಕಾಲಿಳಿಸಿತು. ಟಿಕ್! ನಾನು ಕೂಗುವ ಮೊದಲೇ ಬಿದ್ದಿತ್ತು ಟಿಕ್. ಅತ್ತಿಗೆ ತಮ್ಮ ಹೆಬ್ಬೆರಳನ್ನೇ ಬೆರಗಿನಿಂದ ನೋಡಿಕೊಂಡರು.

ಒಂದನೇ ತಾರೀಕು ಬೆಳಗ್ಗೆ ಮಾಲೀಕರು ಬಂದರು. ಅದೇ ಬಿಳಿ ಶರಟು. ಅಣ್ಣ ಬಾಗಿಲು ತೆಗೆದು ಗೋಡೆಗೆ ಅಂಟಿ ನಿಂತ. ಗಡಿಬಿಡಿಯ ಮೈ ನಡುಗುತ್ತಿತ್ತು, ಬಾಲ ನೆಲ ಗುಡಿಸುತ್ತಿತ್ತು. ಮುಂಗಾಲೊಂದು ಮೇಲೆದ್ದಿತು. ಕಾಲು ಮೆಲ್ಲಗೆ ಕೆಳಗಿಳಿಯಿತು. ಟಿಕ್. ಕೋಳಿ. ಮಾಲೀಕರು ಒಂದು ಹೆಜ್ಜೆ ಒಳಗಿಟ್ಟರು, ನಾಲ್ಕೂ ಕಾಲು ನೆಲದ ಮೇಲೇ. ಟಿಕ್. ಕೋಳಿ.

"ಪರವಾಗಿಲ್ವೇ!" ಎಂದರು ಮಾಲೀಕರು. "ಇರ್ಲಿ ಬಿಡಿ, ಇಟ್ಕೊಳ್ಳಿ."

ಅತ್ತಿಗೆ ಅವರ ಶರಟನ್ನು ದಿಟ್ಟಿಸಿ ನೋಡಿದರು. ಇನ್ನೇನು ಎಡವಟ್ಟಾಗುತ್ತದೋ ಎಂದು ನಾನು ಕಣ್ಣು ಮುಚ್ಚಿದೆ. "ಮೂರನೇ ಗುಂಡಿ ಹಾಕಿಸಿದೀರಿ. ಚೆನ್ನಾಗಿ ಕೂತಿದೆ" ಎಂದರು. ನಾನು ಕಂಡಂತೆ ಮನುಷ್ಯ ಮಾತ್ರದವರಿಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು.

ಮಾಲೀಕರು ಮೆಟ್ಟಿಲಿಳಿದ ಮೇಲೆ ಅಣ್ಣ ಗೋಡೆ ಬಿಟ್ಟು ಮುಂದೆ ಬಂದ. "ಎಲ್ಲರಿಗೂ ಆಯ್ತು. ನಾನೂ ಇಪ್ಪತ್ನಾಲ್ಕು ವರ್ಷದಿಂದ ಯಾರ ಮೈಮೇಲೂ ಹಾರದೆ ನಿಂತಿದೀನಪ್ಪ" ಎಂದ, ತಮಾಷೆಗೆ.

ಅತ್ತಿಗೆ ನಗಲಿಲ್ಲ. ಕಾಲರಿನಿಂದ ಚಪ್ಪಲಿಯವರೆಗೆ ಅವನನ್ನು ನಿಧಾನವಾಗಿ ನೋಡಿದರು. ಅವನ ತೋಳಿನಲ್ಲಿ ಒಂದು ನೂಲು ಹೊರಗಿತ್ತು, ನನಗೇ ಕಂಡಿತು, ಅವರಿಗೆ ಕಾಣದಿರಲು ಸಾಧ್ಯವೇ ಇಲ್ಲ. ಅದನ್ನು ಮುಟ್ಟಲಿಲ್ಲ. ಹೆಬ್ಬೆರಳು ಒತ್ತಿದರು. ಟಿಕ್.

ಅಣ್ಣನ ನಗು ಅಲ್ಲೇ ನಿಂತಿತು. ನಿಯಮ ಅಂದರೆ ನಿಯಮ. ಅತ್ತಿಗೆ ಕೋಳಿಯ ಬಟ್ಟಲಿನ ತಳದಲ್ಲಿ ಉಳಿದಿದ್ದ ಕೊನೆಯ ತುಣುಕನ್ನು ಅವನ ಅಂಗೈಗೆ ಹಾಕಿದರು. "ಉಪ್ಪೇ ಇಲ್ವಲ್ಲೇ" ಎಂದ ಅಣ್ಣ. ಆಮೇಲೆ ಗಡಿಬಿಡಿ ಕಣ್ಣರಳಿಸಿ ನೋಡುತ್ತಿದ್ದಂತೆ, ಅದಕ್ಕೆ ಚೂರೂ ಕೊಡದೆ, ಪೂರ್ತಿ ತಿಂದ.