ಮೂರು ಊರಿನ ಕುರಿ, ಒಂದೇ ಟಗರು

ಬಿ.ಕಾಂ. ಕೊನೆಯ ವರ್ಷದಲ್ಲಿ ನಮಗೆ ಹೂಡಿಕೆ ನಿರ್ವಹಣೆ ಅಂತ ಒಂದು ವಿಷಯವಿತ್ತು. ಮಂಡ್ಯದ ಕಾಲೇಜು, ಮಧ್ಯಾಹ್ನದ ಕ್ಲಾಸು, ಅರ್ಧ ಜನ ಡೆಸ್ಕಿನ ಕೆಳಗೆ ಮೊಬೈಲಿನಲ್ಲಿ ಷೇರು ನೋಡುತ್ತಾ ಕೂತಿರುತ್ತಿದ್ದರು. ಸ್ಕಾಲರ್‌ಶಿಪ್ಪಿನ ದುಡ್ಡನ್ನೆಲ್ಲ ಒಂದೇ ಕಂಪನಿಗೆ ಸುರಿದು ಮುಖ ಸಪ್ಪಗೆ ಮಾಡಿಕೊಂಡವರೂ ಇದ್ದರು. ಒಂದು ದಿನ ಮೇಡಂ, "ದುಡ್ಡನ್ನ ಹಂಚಿ ಹಾಕಬೇಕು. ನಿಮ್ಮ ಮನೇಲಿ ಯಾರಾದ್ರೂ ಹಾಗೆ ಮಾಡಿದ್ದಾರಾ?" ಅಂದರು. ನಾನು ಎದ್ದು ನಿಂತು, "ನಮ್ಮವ್ವ ಕುರಿ ಹಂಚವ್ಳೆ ಮೇಡಂ" ಅಂದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಗಲಿ, ನನಗೇನು.

ಅವ್ವನ ಕುರಿಗಳು ಅಪ್ಪಟ ಬಂಡೂರು ತಳಿ, ಬಾಡಿನ ರುಚಿಗೆ ಹೆಸರಾದವು, ರೇಟೂ ಜಾಸ್ತಿ. ಕೆಲವು ಮಳವಳ್ಳಿ ಹತ್ತಿರದ ನಮ್ಮ ಮನೆಯಲ್ಲೇ ಇದ್ದವು. ಕೆಲವನ್ನು ಬೆಸಗರಹಳ್ಳಿಯ ಚಿಕ್ಕಮ್ಮನಿಗೆ, ಕೆಲವನ್ನು ದುದ್ದದ ಅತ್ತೆಗೆ ವಾರಕ್ಕೆ ಬಿಟ್ಟಿದ್ದಳು. ವಾರ ಅಂದರೆ ಕುರಿ ನಮ್ಮದು, ಮೇಯಿಸುವುದು ಅವರದು, ಹುಟ್ಟಿದ ಮರಿ ಇಬ್ಬರಿಗೂ ಅರ್ಧರ್ಧ. ಅಪ್ಪ ನನ್ನ ಫೋಟೋವನ್ನು ಗಂಡಿನ ಕಡೆಯವರಿಗೆ ಕಳಿಸಲು ಶುರುಮಾಡಿದ್ದ ಕಾಲ ಅದು. ಅವ್ವ ಅವನಿಗೆ ಒಂದೇ ಮಾತು ಹೇಳಿದ್ದಳು: "ಬಕ್ರೀದ್‌ಗೆ ಕುರಿ ಮಾರಿ ನಾನ್ ಓದುಸ್ತೀನಿ. ಎಂ.ಕಾಂ. ಮುಗಿಯೋಗಂಟ ನೀನ್ ತೆಪ್ಪಗಿರು." ನನ್ನ ಮುಂದಿನ ಓದೆಲ್ಲ ಆ ಕುರಿಗಳ ಬೆನ್ನ ಮೇಲಿತ್ತು.

ಯಾವ್ಯಾವ ಊರು ಅಂತ ನನ್ನನ್ನು ಕೇಳಿಕೊಂಡು, ಮೇಡಂ ಬೋರ್ಡಿನ ಮೇಲೆ ಮೂರು ಸೊನ್ನೆ ಸುತ್ತಿ, ಒಳಗೆ ಮೂರು ಊರಿನ ಹೆಸರು ಬರೆದರು. ಒಂದೂರಲ್ಲಿ ರೋಗ ಬಂದರೂ ಇನ್ನೆರಡು ಉಳಿಯುತ್ತವೆ, ಇದೇ ಪೋರ್ಟ್‌ಫೋಲಿಯೊ ಅಂದರು. ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡು ಬರೆದುಕೊಂಡರು. ಸಂಜೆ ಅವ್ವನಿಗೆ ಹೇಳಿದರೆ, "ಅಯ್ಯೋ, ಕುರಿ ಮೇಯ್ಸೋದ್ಕೂ ಪಾಠ ಮಾಡ್ಯಾರ? ಬುಡು ಬುಡು" ಅಂದಳು. ಆದರೂ ಅವತ್ತು ಪಕ್ಕದ ಮನೆಗೆ ಹೋಗಿ ಹೇಳಿ ಬಂದಳು.

ಬೋರ್ಡಿನ ಮೇಲೆ ಟಗರು ಇರಲಿಲ್ಲ. ಮೂರು ಮನೆಗೂ ಇದ್ದದ್ದು ಒಂದೇ ಟಗರು. ದುದ್ದದಲ್ಲಿ ಟಗರುಗಳಿಗೆ ಬರವಿರಲಿಲ್ಲ, ಆದರೆ ಅವ್ವ ಬೇರೆ ಟಗರನ್ನು ಹತ್ತಿರ ಸೇರಿಸಲು ಬಿಡುತ್ತಿರಲಿಲ್ಲ. "ತಳಿ ಕೆಟ್ರೆ ಯಾವನ್ ಆ ರೇಟ್ ಕೊಡ್ತನೆ?" ಅಂತ ಅಪ್ಪನಿಗೇ ಜೋರು ಮಾಡುತ್ತಿದ್ದಳು. ಹಾಗಾಗಿ ನಮ್ಮ ಟಗರು ಗೂಡ್ಸ್ ಆಟೋ ಹತ್ತಿ, ಬೀಗರ ಮನೆ ಸುತ್ತುವ ಅಳಿಯನ ಹಾಗೆ ಮೂರು ಊರು ಸುತ್ತುತ್ತಿತ್ತು.

ಆ ಸಲ ದುದ್ದಕ್ಕೆ ಹೋಗಿ, ಬೆಸಗರಹಳ್ಳಿಯಲ್ಲಿ ಕೆಲವು ದಿನ ಇದ್ದು ಬಂದ ಟಗರು ಆಟೋದಿಂದ ಇಳಿಯಲೇ ಇಲ್ಲ. ಕಣ್ಣಲ್ಲಿ ನೀರು, ಮೂತಿಯ ತುಂಬ ಗುಳ್ಳೆ. ಗುಳ್ಳೆ ಎದ್ದರೆ ನಮ್ಮ ಕಡೆ ರೋಗ ಅನ್ನುವುದಿಲ್ಲ, ಅಮ್ಮ ಬಂದಳು ಅನ್ನುತ್ತಾರೆ. "ಅಮ್ಮ ಬಂದವ್ಳೆ, ಸೂಜಿ ಚುಚ್ಚುಸ್ಬಾರ್ದು" ಅಂತ ಅವ್ವ ಬೇವಿನ ಸೊಪ್ಪು ಹಾಸಿ, ಅರಿಶಿನದ ನೀರು ಎರಚಿದಳು. ಬೇರೆ ಕಟ್ಟು ಅಂತ ನಾನು ಕಿರುಚಾಡಿದೆ. "ನಿಂಗೇನ್ ಗೊತ್ತು, ಸುಮ್ಕಿರು" ಅಂದಳು. ಅವಳ ಮೇಲೆ ಬಂದ ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮೊದಲು ದುದ್ದದಿಂದ ಫೋನು ಬಂತು, ಆಮೇಲೆ ಬೆಸಗರಹಳ್ಳಿಯಿಂದ. ಚಿಕ್ಕಮ್ಮ ಅಳುತ್ತಲೇ, "ಅಕ್ಕ, ಮರಿಗೊಳು ಒಂದೂ ಉಳೀನಿಲ್ಲ ಕಣಕ್ಕ" ಅಂದಳು. ಅಷ್ಟರಲ್ಲಿ ನಮ್ಮ ಕೊಟ್ಟಿಗೆಯಲ್ಲೂ ಶುರುವಾಗಿತ್ತು. ತಡವಾಗಿ ಬಂದ ಪಶು ವೈದ್ಯರು, ಇದು ಸಿಡುಬು, ಮೈಗೆ ಮೈ ತಾಗಿ ಹರಡಿದೆ, ಲಸಿಕೆ ಮೊದಲೇ ಹಾಕಿಸಬೇಕಿತ್ತು ಅಂದರು. ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಸತ್ತವನ್ನೆಲ್ಲ ಹೂತೆವು. ಅವ್ವ ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಮೂರು ಊರಲ್ಲೂ ಸೇರಿ ಬದುಕಿದ್ದು ಆ ಟಗರು ಒಂದೇ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಹಂಚಿ ಹೂಡುವುದರ ಲಾಭವನ್ನು ಉದಾಹರಣೆಯೊಂದಿಗೆ ವಿವರಿಸಿ ಅಂತ. ನಾನು ಮೂರು ಸೊನ್ನೆ ಸುತ್ತಿ, ಮೂರು ಊರಿನ ಹೆಸರು ಬರೆದು, ಒಂದು ಕಡೆ ಹೋದರೂ ಎರಡು ಕಡೆ ಉಳಿಯುತ್ತವೆ ಅಂತ ಚೆಂದವಾಗಿ ಬರೆದೆ. ಮೇಡಂ ಹೇಳಿಕೊಟ್ಟ ಉತ್ತರ ಅದು. ಆ ವಿಷಯದಲ್ಲಿ ಕ್ಲಾಸಿಗೇ ಜಾಸ್ತಿ ಅಂಕ ನನಗೆ ಬಂತು. ಮೇಡಂ ಫೋನ್ ಮಾಡಿ, ಎಂ.ಕಾಂ. ಅರ್ಜಿ ಹಾಕಿದೆಯಾ ಅಂತ ಕೇಳಿದಾಗ ಅವ್ವ ಪಕ್ಕದಲ್ಲೇ ಕಡ್ಲೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಇಲ್ಲ ಅಂದೆ.

ಮದ್ದೂರಿನ ಕಡೆಯ ಸಂಬಂಧ ಕುದುರಿತು. ಮದುವೆಯಾದ ಮೇಲೆ ನಮ್ಮಲ್ಲಿ ಬಾಡಿನ ಬೀಗರೂಟ ಆಗಲೇಬೇಕು. ಮೂತಿಯ ತುಂಬ ಕಲೆ ಉಳಿದಿದ್ದ ಟಗರನ್ನು ಯಾರೂ ಕೊಂಡಿರಲಿಲ್ಲ, ಅಪ್ಪ ಅದನ್ನೇ ಕಡಿಸಿದ. ನನ್ನ ಮಾವ ಮೂಳೆ ಚೀಪುತ್ತಾ, ಪಕ್ಕದವರಿಗೆ, "ಬಂಡೂರು ಅಂದ್ರೆ ಬಂಡೂರೇ ಕಣ್ಲಾ, ಏನ್ ರುಚಿ!" ಅಂದರು. ಅವ್ವ ಸೌಟು ಹಿಡಿದು ನನ್ನ ಎಲೆಯ ಮುಂದೆ ಬಂದು ನಿಂತಳು. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟೆ. ಅವಳು ಅಲ್ಲೇ ನಿಂತು ಅಳತೊಡಗಿದಳು.