ಎರಡನೆಯ ಸಾಲಿನ ಖಾಲಿ ಕುರ್ಚಿ

ನಮ್ಮ ಕಡೆ ಕುರ್ಚಿಯ ಮೇಲೆ ಒಂದು ಬೈರಾಸು, ಎಂದರೆ ಮೈ ಒರೆಸುವ ಟವೆಲು, ಹಾಸಿಟ್ಟರೆ ಆ ಕುರ್ಚಿಯಲ್ಲಿ ಜನ ಕೂತ ಹಾಗೆಯೇ ಲೆಕ್ಕ. ಬೈರಾಸು ಇಲ್ಲದಿದ್ದರೆ ಕರ್ಚೀಫು, ಕೊಡೆ, ಮಗುವಿನ ಟೊಪ್ಪಿ, ಏನಾದರೂ ಸಾಕು. ಯಾರದೆಂದು ಗೊತ್ತಿಲ್ಲದಿದ್ದರೂ ಅದನ್ನು ಯಾರೂ ಎತ್ತುವುದಿಲ್ಲ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಇದನ್ನು ನಮಗೆ ಯಾರೂ ಕಲಿಸಿದ್ದಲ್ಲ. ಆ ಸಂಜೆಯ ಬಗ್ಗೆ ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ನಮ್ಮ ಮನೆ ಉಡುಪಿಯಲ್ಲಿ, ಒಂದು ಪಾರ್ಕಿನ ಹಿಂದಿನ ರಸ್ತೆಯಲ್ಲಿದೆ. ಅಣ್ಣನ ಮಗಳು ಕಾಲೇಜಿಗೆಂದು ನಮ್ಮಲ್ಲಿಯೇ ಇದ್ದಳು. ಅಣ್ಣ ಬೋಟಿಗೆ ಹೋಗುವವನು. ಅತ್ತಿಗೆ ಹೆಜಮಾಡಿಯಿಂದ ದಿನಾ ಕಾಪುವಿಗೆ ಬಂದು ಮೀನು ಮಾರುವವರು. ಪಾರ್ಕಿನಲ್ಲಿ ಪ್ರತಿ ವರ್ಷ ನಮ್ಮ ವಾರ್ಡಿನವರು ಸೇರಿ ಒಂದು ಸಂಜೆಯ ಕಾರ್ಯಕ್ರಮ ಮಾಡುತ್ತಾರೆ. ಆ ವರ್ಷ ತುಳು ನಾಟಕವಿತ್ತು. ನಮ್ಮವರೇ ಆಡುವ ನಾಟಕ, ಆದರೆ ಒಂದು ಪಾತ್ರಕ್ಕೆ ಹೆಸರಾದ ಹಾಸ್ಯ ನಟರೊಬ್ಬರು ಬರುತ್ತಾರೆಂದು ವಾಟ್ಸಾಪಿನಲ್ಲಿ ಹರಡಿತು. ಅಣ್ಣನ ಮಗಳಿಗೆ ಅದರಲ್ಲಿ ಸಣ್ಣದೊಂದು ಪಾತ್ರ ಸಿಕ್ಕಿತ್ತು. ತೆಂಗಿನಕಾಯಿ ತುರಿಯುವ ಮಣೆ ಕೇಳಲು ಬಂದು, ಮಣೆ ಮರೆತು, ಊರಿನ ಸುದ್ದಿಯೆಲ್ಲ ಹೇಳಿ ಹೋಗುವ ಪಕ್ಕದ ಮನೆಯವಳ ಪಾತ್ರ. ಅವಳು ಸ್ಟೇಜು ಹತ್ತುವುದು ಅದೇ ಮೊದಲು.

ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿದರು.

"ಮುಂದೆ ಒಂದು ಬೈರಾಸು ಹಾಕಿ ಇಡು ಮಾರಾಯ್ತಿ. ನಾನು ಬಂಗುಡೆ ಖಾಲಿ ಮಾಡಿ, ಮಿಂದು ಬರ್ತೇನೆ. ಹೀಗೇ ಬಂದರೆ ನಿಮ್ಮ ಊರಿನ ಮೇಡಂಗಳು ಮೂಗು ಮುಚ್ಚಿಯಾರು."

ಅಣ್ಣನ ಮಗಳು ನನ್ನ ಕೈಯಿಂದ ಫೋನ್ ಕಸಿದುಕೊಂಡಳು. "ಅಮ್ಮ, ನಾನು ಬರುವುದು ಎರಡನೇ ಸೀನಿನಲ್ಲಿ. ತಡ ಮಾಡಿದರೆ ನಾನು ಬಂದು ಹೋಗಿ ಆಗಿರ್ತದೆ."

"ನಿನ್ನ ನಾಟಕ ಮನೆಗೆ ಬಂದಾಗಲೆಲ್ಲ ನೋಡುವುದಿಲ್ವಾ ನಾನು?" ಎಂದು ಅತ್ತಿಗೆ ನಕ್ಕದ್ದು ನನಗೂ ಕೇಳಿಸಿತು.

ಮಧ್ಯಾಹ್ನವೇ ಹೋಗಿ ಎರಡನೆಯ ಸಾಲಿನಲ್ಲಿ ಎರಡು ಕುರ್ಚಿ ಹಿಡಿದೆ. ಆಗಲೇ ಮುಂದಿನ ಸಾಲುಗಳಲ್ಲಿ ಬೈರಾಸುಗಳು ಬಿದ್ದಿದ್ದವು. ಸಂಜೆಯಾದಾಗಲೂ ಅವುಗಳಲ್ಲಿ ಹೆಚ್ಚಿನವು ಹಾಗೆಯೇ ಇದ್ದವು, ಏಕೆಂದರೆ ನಾವೆಲ್ಲ ಹತ್ತಿರದವರು. ಕುರ್ಚಿ ಹಿಡಿದಾಗಿದೆ, ಇನ್ನು ನಿಧಾನವಾಗಿ ಹೋದರಾಯಿತು ಎಂದು ಮನೆಯಲ್ಲಿ ದೀಪ ಹಚ್ಚಿ, ಚಾ ಕುಡಿದು ಬರುವವರು. ದೂರದವರು ಬೇಗ ಬಂದಿದ್ದರು. ಕಲ್ಯಾಣಪುರ, ಕೆಮ್ಮಣ್ಣು, ಮಣಿಪಾಲದಿಂದ, ಕಾರ್ಕಳದಿಂದಲೂ ಬಂದಿದ್ದರು. ಅವರಿಗೆ ಕುರ್ಚಿ ಇರಲಿಲ್ಲ. ಹಿಂದೆ ಧ್ವನಿವರ್ಧಕದವರ ಅಟ್ಟಕ್ಕೂ ಮಕ್ಕಳ ಉಯ್ಯಾಲೆಯ ಸುತ್ತಲಿನ ಕಬ್ಬಿಣದ ಬೇಲಿಗೂ ನಡುವೆ ನಿಂತರು. ಪಾರ್ಕಿಗೆ ಇದ್ದದ್ದು ಒಂದೇ ದೊಡ್ಡ ಗೇಟು, ಅದೂ ಆ ಬದಿಯಲ್ಲಿ. ಇನ್ನೊಂದು ಸಣ್ಣ ಗೇಟಿನ ಎದುರು ಸ್ಕೂಟರುಗಳನ್ನು ನಿಲ್ಲಿಸಿದ್ದರು.

ನಾಟಕ ಶುರುವಾದ ಮೇಲೆ ಸಮಿತಿಯವರೊಬ್ಬರು ಬಗ್ಗಿಕೊಂಡು ನಮ್ಮ ಸಾಲಿಗೆ ಬಂದರು. ನಮ್ಮ ರಸ್ತೆಯವರೇ, ಬೆವರಿನಿಂದ ಅಂಗಿ ಒದ್ದೆಯಾಗಿತ್ತು.

"ಹಿಂದೆ ನಿಲ್ಲಲಿಕ್ಕೆ ಜಾಗ ಇಲ್ಲ. ಇಲ್ಲಿ ಖಾಲಿ ಉಂಟಲ್ಲ, ಸ್ವಲ್ಪ ಜನರನ್ನು ಕೂರಿಸಲಾ?"

"ಜನ ಉಂಟು, ಈಗ ಬರ್ತಾರೆ" ಎಂದು ಮುಂದಿನ ಸಾಲಿನ ಹೆಂಗಸು ಹೇಳಿದರು. ಆಚೆಯವರೂ ಅದನ್ನೇ ಹೇಳಿದರು. ಸಮಿತಿಯವರು ನನ್ನ ಕಡೆ ನೋಡಿದಾಗ ನಾನೂ, "ಅತ್ತಿಗೆ ಬರ್ಲಿಕ್ಕುಂಟು" ಎಂದೆ. ಅವರಿಗೆ ಅತ್ತಿಗೆಯ ಪರಿಚಯವಿತ್ತು. "ಹೋ, ಅವರಾ? ಸರಿ ಸರಿ" ಎಂದು, ಯಾರದೋ ಮನೆಯೊಳಕ್ಕೆ ಕೇಳದೆ ಬಂದವರ ಹಾಗೆ ಸಂಕೋಚದಿಂದ ಹಿಂದೆ ಹೋದರು.

ಅತ್ತಿಗೆ ಅಷ್ಟರಲ್ಲಿ ಬಂದಾಗಿತ್ತು. ಅದು ನನಗೆ ಗೊತ್ತಿರಲಿಲ್ಲ.

ಎರಡನೆಯ ಸೀನಿನಲ್ಲಿ ಅಣ್ಣನ ಮಗಳು ಬಂದಳು. ಮಾತು ಚುರುಕಾಗಿತ್ತು. ಜನ ನಕ್ಕರು. ನಕ್ಕಾಗ ಮಾತು ನಿಲ್ಲಿಸಬೇಕು, ನಗು ಇಳಿದ ಮೇಲೆ ಮುಂದಿನದು ಹೇಳಬೇಕು ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಅವಳು ಹಾಗೆಯೇ ಮಾಡುತ್ತಿದ್ದಳು. ಆಗ ಹೊರಗೆ ಆ ಹಾಸ್ಯ ನಟರ ಕಾರು ಬಂತಂತೆ. ಅವರು ಸ್ಟೇಜು ಹತ್ತುವುದನ್ನು ನೋಡಲು ರಸ್ತೆಯಲ್ಲಿದ್ದವರು ಗೇಟಿನೊಳಗೆ ನುಗ್ಗಿದರಂತೆ. ನಮಗೆ ಕೇಳಿಸಿದ್ದು ಹಿಂದಿನಿಂದ ಬಂದ ದೊಡ್ಡ ಕೂಗು ಮಾತ್ರ. ಜನ ಖುಷಿಯಲ್ಲಿ ಬೊಬ್ಬೆ ಹಾಕುತ್ತಿದ್ದಾರೆಂದು ನಾನು ತಿಳಿದೆ. ಅವಳೂ ಹಾಗೆಯೇ ತಿಳಿದಳು. ಸೊಂಟದ ಮೇಲೆ ಕೈಯಿಟ್ಟು, ಕೂಗು ಇಳಿಯಲಿ ಎಂದು ಸ್ಟೇಜಿನ ಬೆಳಕಿನಲ್ಲಿ ನಗುತ್ತಾ ನಿಂತಳು. ಕೂಗು ಇಳಿಯಲಿಲ್ಲ.

ಮೈಕಿನಲ್ಲಿ ಯಾರೋ, "ಗಾಬರಿ ಬೇಡ, ಕೂತಲ್ಲಿಯೇ ಕೂತಿರಿ" ಎಂದರು. ನಾವು ಕೂತೆವು. ತಿರುಗಿ ನೋಡಿದರೆ ಬೇಲಿಯ ಮೇಲಿನಿಂದ ಜನರನ್ನು ಆಚೆಗೆ ಎತ್ತಿ ಹಾಕುತ್ತಿರುವುದು ಅರೆಬರೆ ಕಾಣುತ್ತಿತ್ತು. ಈ ಗಲಾಟೆಯಲ್ಲಿ ಅತ್ತಿಗೆ ಒಳಗೆ ಬರುವುದು ಬೇಡ ಎಂದು ಹೇಳಲು ನಾನು ಫೋನ್ ಮಾಡಿದೆ. ಗಂಡಸಿನ ಸ್ವರ ಕೇಳಿಸಿತು.

"ಈ ಫೋನಿನವರು ನಿಮಗೆ ಎಂತ ಆಗಬೇಕು?"

"ಅತ್ತಿಗೆ" ಎಂದೆ.

"ನೀವು ಬೇಗ ಉಯ್ಯಾಲೆ ಹತ್ತಿರ ಬನ್ನಿ" ಎಂದಿತು ಆ ಸ್ವರ.

ಆಸ್ಪತ್ರೆಗೆ ತಲುಪುವಷ್ಟರಲ್ಲಿ ಅತ್ತಿಗೆ ಇರಲಿಲ್ಲ. ಅಣ್ಣನ ಬೋಟು ದಡಕ್ಕೆ ಬರಲು ಮರುದಿನವಾಯಿತು. ಅಣ್ಣನ ಮಗಳು ವೇಷದ ಸೀರೆಯಲ್ಲಿಯೇ ಇದ್ದಳು. ಕೆನ್ನೆಗೆ ಹಚ್ಚಿದ ಬಣ್ಣವನ್ನು ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅವಳು ಅಳಲಿಲ್ಲ.

ಉತ್ತರಕ್ರಿಯೆ ಮುಗಿದು ಅವಳು ನಮ್ಮ ಮನೆಗೆ ಮರಳಿದ ಮೇಲೆ ಒಂದು ದಿನ ಬಟ್ಟೆ ಮಡಚುತ್ತಾ ಕೇಳಿದಳು. "ಅತ್ತೆ, ಅಮ್ಮ ನನ್ನನ್ನು ನೋಡಿದ್ರಾ?"

ನೋಡಿರಬಹುದು ಎಂದೆ. "ಇರಬಹುದು ಬೇಡ" ಎಂದಳು. ಆಮೇಲೆ ಊಟಕ್ಕೆ ಕೂತಾಗಲೂ, ಕಾಲೇಜಿಗೆ ಹೊರಟಾಗಲೂ ನನ್ನ ಮುಖ ನೋಡುವಳು. ಬಾಯಿಬಿಟ್ಟು ಮತ್ತೆ ಕೇಳಲಿಲ್ಲ. ಊಟ ಕಡಿಮೆಯಾಗುತ್ತಾ ಬಂತು.

ಫೋನ್ ಎತ್ತಿದ ಗಂಡಸು ಉತ್ತರಕ್ರಿಯೆಗೆ ಬಂದಿದ್ದರು. ಕಾರ್ಕಳದ ಬಸ್ ನಿಲ್ದಾಣದ ಬಳಿ ವಾಚ್ ರಿಪೇರಿ ಅಂಗಡಿ ಎಂದು ಆಗ ಹೇಳಿದ್ದರು. ನಾನು ಬಸ್ಸು ಹತ್ತಿ ಅಲ್ಲಿಗೆ ಹೋದೆ. ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗಾಜು ತೆಗೆದು, ನನಗೆ ಸ್ಟೂಲು ಕೊಟ್ಟು, ತಾವು ನಿಂತೇ ಮಾತಾಡಿದರು.

"ಮೊದಲು ಮುಂದೆ ಬರ್ಲಿಕ್ಕೆ ನೋಡಿದ್ರು. ನನಗೆ ಅಲ್ಲಿ ಕುರ್ಚಿ ಉಂಟು, ಬಿಡಿ ಅಂತ. ಅಲ್ಲಿದ್ದವರು ತಮಾಷೆ ಮಾಡಿದ್ರು. ಕುರ್ಚಿ ಎಲ್ಲರಿಗೂ ಉಂಟು ಅಕ್ಕ, ಕಾಲು ಇಡ್ಲಿಕ್ಕೆ ಮಾತ್ರ ಜಾಗ ಇಲ್ಲ ಅಂತ. ಅವರೂ ನಗಾಡಿದ್ರು. ಆಗ ಅಷ್ಟು ಕಷ್ಟ ಇರ್ಲಿಲ್ಲ."

"ಸ್ಟೇಜು ಕಾಣ್ತಿತ್ತಾ?"

"ನನಗೆ ಸ್ವಲ್ಪ ಕಾಣ್ತಿತ್ತು. ಅವರು ಗಿಡ್ಡ ಅಲ್ವಾ, ಎದುರಿಗೆ ಆ ಸೌಂಡಿನವರ ಅಟ್ಟ. ಸ್ವರ ಕೇಳಿದ ಕೂಡಲೇ, ನನ್ನ ಮಗಳು, ನನ್ನ ಮಗಳು ಅಂದ್ರು. ಎತ್ತಿ ತೋರಿಸುವ ಅಂತ ನನಗೆ ಮನಸ್ಸಾಯ್ತು. ಆದರೆ ಪರಿಚಯ ಇಲ್ಲದ ಹೆಂಗಸು, ಹೇಗೆ ಎತ್ತುವುದು ಹೇಳಿ?" ಅವರು ಭೂತಗಾಜನ್ನು ಮೇಜಿನ ಮೇಲಿಟ್ಟರು. "ಮತ್ತೆ ನನ್ನ ಫೋನ್ ಮೇಲೆ ಹಿಡಿದೆ, ಕ್ಯಾಮೆರಾ ಹಾಕಿ. ಅದರಲ್ಲಿ ನೋಡಿ ಅಂದೆ. ದೊಡ್ಡದು ಮಾಡಿ ಅಂದ್ರು, ಮಾಡಿದೆ. ದೊಡ್ಡದು ಮಾಡಿದರೆ ಮುಖ ಸರಿ ಕಾಣುವುದಿಲ್ಲ, ಕಲೆಸಿದ ಹಾಗೆ ಆಗ್ತದೆ. ಆದರೂ ಅವಳೇ ಅಂದ್ರು. ಆಗ ಹಿಂದಿನಿಂದ ದೂಡಿದ್ರು."

ವಿಡಿಯೋ ತೆಗೆದಿದ್ದಿರಾ ಎಂದು ಕೇಳಿದೆ. ಇಲ್ಲ, ನೋಡಲಿಕ್ಕೆ ಮಾತ್ರ ಹಿಡಿದದ್ದು ಎಂದರು.

ಮನೆಗೆ ಬಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಕಲೆಸಿದ ಹಾಗೆ ಎಂಬುದನ್ನೂ ಬಿಡಲಿಲ್ಲ. ಅವಳು ಗಮನವಿಟ್ಟು ಕೇಳಿ, "ಆಗ ನಾನು ಮಾತಾಡ್ತಾ ಇದ್ದೆನಾ, ನಗಾಡ್ತಾ ನಿಂತಿದ್ದೆನಾ?" ಎಂದಳು. ಅದನ್ನು ನಾನು ಕೇಳಿರಲಿಲ್ಲ. ಕೇಳಿದ್ದರೂ ಅವರಿಗೆ ಗೊತ್ತಿರುತ್ತಿರಲಿಲ್ಲವೇನೋ. ಆ ರಾತ್ರಿ ಅವಳು ಅತ್ತಳು.

ಮುಂದಿನ ವರ್ಷ ಕಾರ್ಯಕ್ರಮ ಬೇಡವೆಂದು ಕೆಲವರು, ಬೇಕೆಂದು ಹಲವರು. ಒಂದು ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿಯೇ ಸಭೆ ಸೇರಿತು. ನನ್ನ ಜೊತೆ ಅವಳೂ ಬಂದಳು. ಸಣ್ಣ ಗೇಟನ್ನು ಅಗಲ ಮಾಡುವುದು, ಅದರ ಎದುರು ಗಾಡಿ ನಿಲ್ಲಿಸದಿರುವುದು, ಪಾರ್ಕು ತುಂಬಿದರೆ ಗೇಟು ಹಾಕಿ ಉಳಿದವರಿಗೆ ಶಾಲೆಯ ಮೈದಾನದಲ್ಲಿ ಪರದೆ ಕಟ್ಟುವುದು, ಬಹಳ ಜನ ಸೇರಿಸುವ ನಟರನ್ನು ಕರೆಯದಿರುವುದು. ಇವಕ್ಕೆಲ್ಲ ಎಲ್ಲರೂ ತಲೆಯಾಡಿಸಿದರು. ಕುರ್ಚಿ ಹಿಡಿಯುವುದನ್ನು ನಿಲ್ಲಿಸಬೇಕು ಎಂದು ನಾನು ಹೇಳಿದಾಗ ಮಾತ್ರ ಗದ್ದಲವಾಯಿತು.

"ನಮ್ಮ ಪಾರ್ಕಿನಲ್ಲಿ ನಾವು ನಿಂತು ನೋಡುವುದಾ?"

"ಬೈರಾಸಿನಿಂದ ಯಾರಾದರೂ ಸಾಯ್ತಾರಾ ಮಾರಾಯ್ರೆ?" ಎಂದು ಕೇಳಿದವರು, ನಾವಿಬ್ಬರು ಕೂತಿರುವುದನ್ನು ನೋಡಿ ತಲೆ ತಗ್ಗಿಸಿದರು.

ಕಡೆಗೆ, ನಾಟಕ ಶುರುವಾದ ಮೇಲೆ ಖಾಲಿ ಇರುವ ಕುರ್ಚಿ ಬಂದವರಿಗೆ ಎಂದಾಯಿತು. ಮನಸ್ಸಿಲ್ಲದೆ ಒಪ್ಪಿದವರೇ ಹೆಚ್ಚು.

ಆಗ ಅವಳು ಎದ್ದು ನಿಂತಳು. "ಹಿಂದೆ ಜನ ನಿಲ್ಲುವಲ್ಲಿ ಲೈಟ್ ಹಾಕಿ. ನಾಟಕ ಆಗುವಾಗಲೂ ಆರಿಸಬೇಡಿ. ಸ್ಟೇಜಿನ ಮೇಲಿದ್ದರೆ ಎದುರು ಎಲ್ಲ ಕಪ್ಪು. ನಮಗೆ ಎಂತದೂ ಗೊತ್ತಾಗುವುದಿಲ್ಲ."

ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ. ಅಂದು ನಮ್ಮ ಸಾಲಿಗೆ ಬಗ್ಗಿಕೊಂಡು ಬಂದಿದ್ದ ಸಮಿತಿಯವರು ಮೆಲ್ಲಗೆ, "ಹಾಕುವ ಮಗಾ. ನೀನು ಈ ಸಲವೂ ಒಂದು ಪಾತ್ರ ಮಾಡಬೇಕು" ಎಂದರು.

"ನಾನು ಬರುವುದಿಲ್ಲ" ಎಂದಳು. ಸಿಟ್ಟಿನಲ್ಲಿ ಹೇಳಿದ್ದಲ್ಲ. "ಲೈಟ್ ಇದ್ದರೆ ನಾನು ಅಲ್ಲಿ ಹುಡುಕ್ತೇನೆ. ಮಾತು ಮರೆತು ಹೋಗ್ತದೆ."