ಮಣ್ಣಿಗೆ ಹೋದ ಪ್ಲೇಟು

ಮದುವೆ ಮನೆಯಲ್ಲಿ ಕೆಂಪರಾಜುವಿನ ಕೈ ಬಂಡೆಯಂತೆ ನಿಲ್ಲುತ್ತಿತ್ತು. ಸಾವಿನ ಮನೆಯಲ್ಲಿ ಮಾತ್ರ ನಡುಗುತ್ತಿತ್ತು. ಅಂಚೆಟ್ಟಿಯಲ್ಲಿ ಬಸ್ಸು ನಿಲ್ಲುವ ಕಡೆ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡಿದ್ದ ಅವನನ್ನು ಎರಡೂ ಬಗೆಯ ಮನೆಗಳವರು ಕರೆಯುತ್ತಿದ್ದರು. ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ಕೊನೆಯ ಫೋಟೋ ತೆಗೆಸಿಕೊಳ್ಳುವುದು ಆ ಕಡೆಯ ಸಾವಿನ ಮನೆಗಳ ರೂಢಿ. ತನ್ನ ಅಪ್ಪನ ಅಂಥದೊಂದು ಫೋಟೋವನ್ನು ತಾನೇ ತೆಗೆದಂದಿನಿಂದ ಕೆಂಪರಾಜುವಿಗೆ ಆ ನಡುಕ ಅಂಟಿಕೊಂಡಿತ್ತು. ಅದಕ್ಕೇ ಸಾವಿನ ಮನೆಗೆ ಹೊರಟರೆ ಅವನ ಹೆಗಲ ಮೇಲೆ ಟ್ರೈಪಾಡ್ ಇರಲೇಬೇಕು.

ಆ ಟ್ರೈಪಾಡಿನ ಜೀವವೆಲ್ಲ ಬೆಂಕಿಪೊಟ್ಟಣದಷ್ಟಗಲದ ಒಂದು ಲೋಹದ ಪ್ಲೇಟಿನಲ್ಲಿತ್ತು. ಅದನ್ನು ಕ್ಯಾಮೆರಾದ ತಳಕ್ಕೆ ತಿರುಪಿ, ಸ್ಟ್ಯಾಂಡಿನ ತಲೆಯ ಮೇಲಿಟ್ಟು ಒತ್ತಿದರೆ ಟಕ್ಕನೆ ಕಚ್ಚಿಕೊಳ್ಳುತ್ತಿತ್ತು. ಪ್ಲೇಟಿಲ್ಲದಿದ್ದರೆ ಸ್ಟ್ಯಾಂಡು ಬರೀ ಮೂರು ಕೋಲು.

ಅದು ಕಳೆದದ್ದು ನಾಟ್ರಾಂಪಾಳ್ಯದಲ್ಲಿ, ಪಾಪಯ್ಯ ಎಂಬ ಹಿರಿಯರು ತೀರಿಕೊಂಡ ದಿನ. ಮನೆಮಂದಿಯ ಫೋಟೋ ಮುಗಿದ ಮೇಲೆ, ಮುಖವೊಂದನ್ನೇ ತೆಗೆದುಕೊಡು ಎಂದು ಮಗ ಲಕ್ಷ್ಮೀಪತಿ ಕೇಳಿದ. ಕೆಂಪರಾಜು ಕ್ಯಾಮೆರಾ ಬಿಚ್ಚಿಕೊಂಡು ಹೆಣದ ಮೇಲೆ ಬಗ್ಗಿದ. ಎಲ್ಲೋ ತಿರುಪು ಸಡಿಲವಾಗಿದ್ದಿರಬೇಕು. ತಮಟೆಯ ಸದ್ದಿನ ನಡುವೆ ಹೂವಿನ ರಾಶಿಯೊಳಕ್ಕೆ ಏನೋ ಬಿದ್ದಂತಾಯಿತು. ಯಾರೋ ಹಾಕಿದ ಕಾಸಿರಬೇಕು ಅಂದುಕೊಂಡ. ಮನೆಗೆ ಬಂದು ಕ್ಯಾಮೆರಾ ಒರೆಸುವಾಗ ತಳ ಬೋಳಾಗಿತ್ತು.

ಕೂಡಲೇ ಫೋನು ಮಾಡಿದ. ಲಕ್ಷ್ಮೀಪತಿ ಮನೆಯೆಲ್ಲ ಹುಡುಕಿಸಿ, ತಿರುಗಿ ಫೋನು ಮಾಡಿ, ದನಿ ತಗ್ಗಿಸಿ ಹೇಳಿದ: "ಹೂವೆಲ್ಲಾ ನಮ್ಮಪ್ಪನ ಜೊತೆಗೇ ಗುಣಿಗೆ ಹಾಕ್ಬುಟ್ವಿ ಕಣಣ್ಣ. ನಮ್ಮವ್ವನ ಕಿವಿಗೆ ಮಾತ್ರ ಹಾಕ್ಬೇಡ. ಮೊದ್ಲೇ ಹೆದ್ರವಳೆ."

ಕೆಂಪರಾಜು ಹೊಸೂರಿಗೆ ಹೋದ. ಕ್ಯಾಮೆರಾ ಅಂಗಡಿಯವನು ಸ್ಟ್ಯಾಂಡನ್ನು ಆಚೀಚೆ ತಿರುಗಿಸಿ ನೋಡಿ, "ಕಂಪನಿ ಪ್ಲೇಟಾ? ರೊಂಬ ವಿಲೈ ಸಾರ್," ಎಂದ. ತುಂಬಾ ದುಬಾರಿಯಂತೆ, ಬೆಂಗಳೂರಿಂದ ತರಿಸಬೇಕಂತೆ, ಆ ಬೆಲೆಗೆ ಇನ್ನೊಂದು ಸ್ಟ್ಯಾಂಡೇ ಬರುತ್ತಿತ್ತು. ಕೆಂಪರಾಜು ಫೋನಿನಲ್ಲಿ ಹುಡುಕಿ ಅಗ್ಗದ್ದೊಂದನ್ನು ತರಿಸಿದ. ನೋಡಲು ಅದೇ ಆಕಾರ, ಆದರೆ ಕೂದಲೆಳೆಯಷ್ಟು ಚಿಕ್ಕದು. ಸಂದಿಗೆ ಸೈಕಲ್ ಟ್ಯೂಬಿನ ಚೂರು ತುರುಕಿದ. ಸ್ಟುಡಿಯೋದಲ್ಲಿ ಅರ್ಧ ದಿನ ಹಾಗೇ ನಿಲ್ಲಿಸಿಟ್ಟು ನೋಡಿದ, ಕ್ಯಾಮೆರಾ ಅಲುಗಲಿಲ್ಲ.

ಆಮೇಲೆ ಕರೆ ಬಂದದ್ದು ಒಬ್ಬ ಮುದುಕಿಯ ಸಾವಿಗೆ. ಕುರ್ಚಿಯ ಸುತ್ತ ಎಲ್ಲರೂ ನಿಂತರು. ಕೆಂಪರಾಜು ಗುಂಡಿ ಒತ್ತಿ ನೋಡಿದರೆ, ಫೋಟೋದಲ್ಲಿ ಯಾರ ತಲೆಯೂ ಇರಲಿಲ್ಲ. ಕ್ಯಾಮೆರಾ ಎತ್ತಿ ಮತ್ತೆ ಬಿಗಿದ. ಅವನ ಕಣ್ಣೆದುರೇ ಅದು, ಯಾರೋ ಕತ್ತಿನ ಹಿಂದೆ ಕೈಯಿಟ್ಟು ಬಗ್ಗಿಸಿದ ಹಾಗೆ, ಮೆಲ್ಲಮೆಲ್ಲನೆ ತಲೆ ತಗ್ಗಿಸಿತು. ಮುದುಕಿಯ ಮುಖ ದಾಟಿ, ಹಾರ ದಾಟಿ, ಕಾಲ ಬಳಿ ಬಿದ್ದಿದ್ದ ಹೂವಿನ ರಾಶಿಗೆ ಬಂದು ನಿಂತಿತು. ಬಿಸಿಲಿಗೆ ರಬ್ಬರು ಮೆತ್ತಗಾಗಿದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆನ್ನು ತಣ್ಣಗಾಯಿತು. ನಡುಗುವ ಕೈಯಲ್ಲೇ ಹೇಗೋ ಫೋಟೋ ತೆಗೆದುಕೊಟ್ಟ. ಎಲ್ಲರ ಮುಖವೂ ಕದಡಿದ ನೀರಿನಲ್ಲಿ ಕಂಡಂತಿತ್ತು.

ಅಂದಿನಿಂದ ಹೂವಿನ ಹಾರ ಕಂಡರೂ ಅವನಿಗೆ ಮಣ್ಣಿನಡಿಯ ಆ ಪ್ಲೇಟೇ ನೆನಪಾಗತೊಡಗಿತು. ಅನ್ನ ಸೇರದಾಯಿತು. ಒಂದು ಮಧ್ಯಾಹ್ನ ನಾಟ್ರಾಂಪಾಳ್ಯದ ಬಸ್ಸು ಹತ್ತಿಬಿಟ್ಟ. ಪಾಪಯ್ಯನನ್ನು ಅವರ ಹೊಲದಂಚಿನಲ್ಲೇ ಮಣ್ಣು ಮಾಡಿದ್ದರು. ತಾನು ಯಾಕೆ ಬಂದೆ ಎಂದು ಅವನಿಗೇ ತಿಳಿಯದು. ಗುಡ್ಡೆಯ ಪಕ್ಕ ಸುಮ್ಮನೆ ಕೂತಿದ್ದಾಗ, ರಾಗಿಯ ಸಾಲಿನಿಂದ ಪಾಪಯ್ಯನ ಹೆಂಡತಿ ಪಿಳ್ಳಮ್ಮ ಎದ್ದು ಬಂದರು.

"ಫೋಟೋದೋನಲ್ವೇನಪ್ಪ? ಇಲ್ಯಾಕೆ ಬಂದು ಕುಂತಿದ್ದೀಯ?"

ಅವನು ಉತ್ತರ ಕೊಡುವ ಮೊದಲೇ ಆಕೆ ಎದುರಿಗೆ ಕೂತರು. ಅಷ್ಟು ದಿನ ಯಾರಿಗೂ ಹೇಳದ ಮಾತು ಆಕೆಯ ಬಾಯಿಂದ ಹೊರಬಂತು.

"ಕಣ್ಮುಚ್ಚಿದ್ರೆ ಇವ್ರು ಬತ್ತಾರೆ ಕಣಪ್ಪ. ಎದೆ ಮ್ಯಾಲೆ ಏನೋ ಐತೆ, ತಣ್ಣಗೆ ಕೊರೀತೈತೆ, ತೆಗಿಯೇ ಅಂತಾರೆ. ನಾನೇನು ತಪ್ಪು ಮಾಡಿದ್ನೋ."

ಕೆಂಪರಾಜುವಿಗೆ ಲಕ್ಷ್ಮೀಪತಿ ಹೇಳಿದ್ದು ನೆನಪಾಯಿತು. ಆದರೂ ಹೇಳಿಬಿಟ್ಟ. "ಅಮ್ಮ, ಅದು ನಂದು. ಕ್ಯಾಮೆರಾದು ಒಂದು ಕಬ್ಬಿಣದ ತುಂಡು. ಹೂವಿನಾಗೆ ಬಿದ್ದೋಯ್ತು."

ಪಿಳ್ಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ಎಷ್ಟಗಲ?" ಎಂದರು. ಅವನು ಬೆರಳಲ್ಲಿ ತೋರಿಸಿದ.

"ಅಷ್ಟೇಯಾ?" ಆಕೆ ಗುಡ್ಡೆಯ ಕಡೆ ತಿರುಗಿದರು. "ಕೇಳಿಸ್ತಾ? ಫೋಟೋದೋನ್ದಂತೆ. ನಂದಲ್ಲ. ಮುಚ್ಚಿದ್ದನ್ನ ತೆಗಿಯಂಗಿಲ್ಲ. ಅದ್ನ ಪಕ್ಕಕ್ಕಿಟ್ಕೊಂಡು ಮಲೀಕ್ಕಳಿ."

ಗಂಡನಿಗೆ ದಿನಾ ಹೇಳುತ್ತಿದ್ದ ದನಿಯಲ್ಲೇ ಹೇಳಿ, ಆಕೆ ಕಳೆ ಕೀಳಲು ಹೋದರು. ಗಾಳಿಯಿಲ್ಲದ ಆ ಬಿಸಿಲಿನಲ್ಲಿ ಕೆಂಪರಾಜುವಿಗೆ ತನ್ನ ಎದೆಯ ಮೇಲೇ ಏನೋ ತಣ್ಣಗೆ ಕೂತಂತಾಯಿತು.

ಇನ್ನು ಹಳೆಯ ಪ್ಲೇಟು ಸಿಗುವುದಿಲ್ಲ ಎಂಬುದು ಆಗ ಅವನಿಗೆ ಖಚಿತವಾಯಿತು. ಹೊಸೂರಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ ಭಾವಮೈದ ಕುಮಾರೇಶನನ್ನು ಕರೆದು ಸ್ಟ್ಯಾಂಡನ್ನು ಮುಂದಿಟ್ಟ. ಕುಮಾರೇಶ ಸ್ಟ್ಯಾಂಡಿನ ತಲೆಯಲ್ಲಿ ಪ್ಲೇಟು ಕೂರುವ ಹಳ್ಳದ ಅಳತೆ ತೆಗೆದುಕೊಂಡ. "ಸ್ಕ್ರ್ಯಾಪ್ ಅಲ್ಯೂಮಿನಿಯಂ ಸಿಕ್ತದೆ ಭಾವ. ಸೂಪರ್‌ವೈಸರ್‌ನ ಕೇಳಿ ಮಾಡ್ಸ್ಕೊಂಡು ಬತ್ತೀನಿ." ಮೊದಲನೆಯದು ದಪ್ಪವಾಯಿತು, ಅರದಿಂದ ಉಜ್ಜಿದರೂ ಕೂರಲಿಲ್ಲ. ಎರಡನೆಯದು ಟಕ್ಕನೆ ಕೂತಿತು. ಇಡೀ ದಿನ ಬಿಸಿಲಲ್ಲಿಟ್ಟರೂ ಕ್ಯಾಮೆರಾ ತಲೆ ಬಗ್ಗಿಸಲಿಲ್ಲ.

ಆ ವಾರದ ಸಂತೆಗೆ ಬಂದ ಪಿಳ್ಳಮ್ಮ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಒಗೆದ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ.

"ಈಗ ಬತ್ತಿಲ್ಲ ಅವ್ರು," ಎಂದರು. ಆ ಮಾತಿನಲ್ಲಿ ನೆಮ್ಮದಿಯ ಜೊತೆಗೆ ಒಂದಿಷ್ಟು ಕೊರಗೂ ಇತ್ತು. "ನಂದೊಂದು ತೆಗಿಯಪ್ಪ. ಹೋದ್ಮೇಕೆ ತೆಗಿಯೋದು ಬ್ಯಾಡ. ಈಗ್ಲೇ ತೆಗಿ."

ಕೆಂಪರಾಜು ಕುರ್ಚಿ ಹಾಕಿದ. ಆಕೆ ಎರಡೂ ಕೈ ಮೊಣಕಾಲ ಮೇಲಿಟ್ಟು, ಗಂಡನನ್ನು ಕೂರಿಸಿದ್ದ ಹಾಗೆಯೇ ಕೂತು, ಕಣ್ಣು ಮಿಟುಕಿಸದೆ ಎದುರಿಗೆ ನೋಡಿದರು. ಅವನು ಪರದೆಯ ಮೇಲೆ ಆ ಮುಖವನ್ನು ನೋಡುತ್ತಾ ನಿಂತ. ಸ್ಟ್ಯಾಂಡು ಭದ್ರವಾಗಿತ್ತು. ಗುಂಡಿಯ ಮೇಲಿದ್ದ ಬೆರಳು ಮಾತ್ರ ಒತ್ತಲಿಲ್ಲ.

"ಅಮ್ಮ," ಎಂದ, "ಒಂದ್ಸಲ ಉಸಿರು ಬಿಡಿ."

"ಬಿಡ್ತಾನೇ ಇವ್ನಿ ಕಣಪ್ಪ," ಎಂದರು ಪಿಳ್ಳಮ್ಮ, ತುಟಿ ಅಲುಗಿಸದೆ. "ನೀನು ತೆಗಿ."